‘ಇಲ್ಲ’ ಎಂದು ನಾನು ಇಟ್ಟ ಹೆಸರು

ಹಿಂದೂಪುರದಲ್ಲಿ ನಮ್ಮ ಮನೆಯ ಹಿಂದಿನ ಬೀದಿಯಲ್ಲಿ ಒಂದು ಕಂಪ್ಯೂಟರ್ ತರಗತಿ ನಡೆಯುತ್ತದೆ. ‘ಹಳಬರು ನೀವು, ನಮ್ಮ ಮಕ್ಕಳಿಗೆ ನಾಲ್ಕು ಮಾತು ಹೇಳಿ’ ಎಂದು ಅಲ್ಲಿಯ ಮೇಡಂ ಕರೆದರು. ಹೋದೆ. ಎಲ್ಲರೂ ಪೈಥಾನ್ ಎಂಬ ಕಂಪ್ಯೂಟರ್ ಭಾಷೆ ಕಲಿಯುತ್ತಿದ್ದರು. ಒಬ್ಬೊಬ್ಬರ ಪರದೆಯನ್ನೂ ಬಗ್ಗಿ ನೋಡುತ್ತ ಹೋದೆ. ಪ್ರೋಗ್ರಾಮಿನಲ್ಲಿ ಅವರು ಇಟ್ಟ ಹೆಸರುಗಳು: x, x1, xx, temp2, flag. ಒಬ್ಬನಂತೂ `if not flag == False`, ಅಂದರೆ ‘ಫ್ಲ್ಯಾಗು ಸುಳ್ಳು ಅಲ್ಲದಿದ್ದರೆ’, ಎಂದು ಬರೆದಿಟ್ಟು ಮೀಸೆ ನೀವಿಕೊಳ್ಳುತ್ತಿದ್ದ.

‘ಏನಪ್ಪಾ ಇದು, ಯಾವ ದೇಶದ ಫ್ಲ್ಯಾಗು?’ ಎಂದು ಕೇಳಿದೆ.

‘ಹೆಸರಲ್ಲೇನೈತೆ ತಾತ? ಓಡ್ತೈತೆ ನೋಡ್ರಿ’ ಎಂದ.

ಓಡುತ್ತಿತ್ತು, ನಿಜ. ನನ್ನದೂ ಓಡುತ್ತಿತ್ತು. ಕಲ್ಯಾಣದುರ್ಗದ ಹನುಮಕ್ಕ ಎಂಬ ಹೆಂಗಸಿಗೆ ಬರಬೇಕಾಗಿದ್ದ ಮನೆಯ ಜಾಗವನ್ನು ತಪ್ಪಿಸುವವರೆಗೂ ಓಡಿತು. ಅಂದು ತರಗತಿಯಲ್ಲಿ ಇದನ್ನು ಹೇಳಲು ಬಾಯಿ ಬರಲಿಲ್ಲ. ‘ಚೆನ್ನಾಗಿ ಓದಿ’ ಎಂಬ ಉಪಯೋಗವಿಲ್ಲದ ಮಾತು ಹೇಳಿ, ಅವರು ಕೊಟ್ಟ ಕಾಫಿ ಕುಡಿದು ಬಂದೆ. ಅಲ್ಲಿ ಹೇಳದೆ ಉಳಿಸಿಕೊಂಡದ್ದನ್ನು ಈಗ ಬರೆಯುತ್ತಿದ್ದೇನೆ.

ನಾನು ಓದಿದ್ದು ಹತ್ತನೆಯ ತರಗತಿ. ಎಪ್ಪತ್ತರ ದಶಕದಲ್ಲಿ ನಮ್ಮ ಕಡೆ ಹತ್ತು ಪಾಸಾದವನು ಮೊದಲು ಮಾಡುತ್ತಿದ್ದ ಕೆಲಸ ಟೈಪಿಂಗ್ ಕಲಿಯುವುದು. ಲೇಪಾಕ್ಷಿ ಕಡೆಯ ಹಳ್ಳಿಯಿಂದ ದಿನಾ ಬಸ್ಸಿನಲ್ಲಿ ಹಿಂದೂಪುರಕ್ಕೆ ಬಂದು ಕಲಿತೆ. ಅಲ್ಲಿಯ ಮೇಷ್ಟ್ರಿಗೆ ಒಂದು ಚಟವಿತ್ತು. ನಾವು ಟೈಪು ಮಾಡಿದ ಹಾಳೆಯನ್ನು ನಮಗೆ ಹಿಂತಿರುಗಿಸುತ್ತಿರಲಿಲ್ಲ. ಪಕ್ಕದಲ್ಲಿ ಕೂತವನ ಕೈಗೆ ಕೊಟ್ಟು ಗಟ್ಟಿಯಾಗಿ ಓದಿಸುತ್ತಿದ್ದರು. ಅವನು ಎಲ್ಲಿ ತಡವರಿಸಿದನೋ ಅಲ್ಲಿ ಕೆಂಪು ಗೆರೆ ಎಳೆಯುತ್ತಿದ್ದರು. ‘ಬರೆದೋನಿಗೆ ಅರ್ಥ ಆಗೋದು ದೊಡ್ಡದಲ್ಲ ಕಣ್ಲಾ. ಅವನು ಹೆಂಗೂ ಬರೆದವ್ನೆ’ ಎನ್ನುತ್ತಿದ್ದರು. ನಾವು ಅವರ ಬೆನ್ನ ಹಿಂದೆ ನಗುತ್ತಿದ್ದೆವು. ನನ್ನ ಜೀವಮಾನದಲ್ಲಿ ನನಗೆ ಸಿಕ್ಕಿದ ಒಳ್ಳೆಯ ಪಾಠ ಅದೊಂದೇ. ಅದನ್ನೂ ನಕ್ಕು ಕಳೆದುಕೊಂಡೆ.

ಎಂಬತ್ತರ ದಶಕದ ಕೊನೆಗೆ ಊರಿಗೆ ಕಂಪ್ಯೂಟರ್ ಬಂತು. ನಾಗಪ್ಪ ಎಂಬವರು ಎರಡು ಯಂತ್ರ ತಂದು ಒಂದು ಸೆಂಟರ್ ತೆರೆದರು. ಆಫೀಸುಗಳ ಪಟ್ಟಿಗಳನ್ನು ಯಂತ್ರಕ್ಕೆ ಏರಿಸಿ ಅಚ್ಚು ಹಾಕಿ ಕೊಡುವ ಕೆಲಸ. ಟೈಪಿಂಗ್ ಬಲ್ಲವನೆಂದು ನನ್ನನ್ನು ಸೇರಿಸಿಕೊಂಡರು. ಆಗ ನಡೆಯುತ್ತಿದ್ದದ್ದು ಡಿಬೇಸ್. ಮಾಹಿತಿಯನ್ನು ಹೆಸರು, ಬೀದಿ, ಊರು ಎಂದು ಕಾಲಂ ಕಾಲಂ ಆಗಿ ತುಂಬಿ, ಬೇಕಾದಂತೆ ಹೆಕ್ಕಿ ತೆಗೆಯುವ ತಂತ್ರ. ಯಾರೋ ಬೆಂಗಳೂರಿನಿಂದ ತಂದ ಜೆರಾಕ್ಸ್ ಪುಸ್ತಕ ಓದಿ ಕಲಿತೆ. ನಡುವಿನ ಹಲವು ಪುಟಗಳು ಇರಲಿಲ್ಲ. ಇಲ್ಲದ ಪುಟಗಳಲ್ಲಿ ಏನಿತ್ತು ಎಂದು ಒಂದು ದಿನವೂ ಕೇಳಲಿಲ್ಲ. ಆರು ತಿಂಗಳಿಗೆ ನನ್ನನ್ನು ‘ಪ್ರೋಗ್ರಾಮರ್’ ಎಂದು ಕರೆಯತೊಡಗಿದರು, ನಾನೂ ನಂಬಿದೆ.

ಡಿಬೇಸಿನಲ್ಲಿ ಆಜ್ಞೆಯ ಮೊದಲ ನಾಲ್ಕು ಅಕ್ಷರ ಬರೆದರೂ ಯಂತ್ರ ಒಪ್ಪುತ್ತಿತ್ತು. ಅದನ್ನು ಕಂಡ ದಿನದಿಂದ ನಾನು ಪೂರ್ತಿ ಪದ ಬರೆಯುವುದನ್ನೇ ಬಿಟ್ಟೆ. ಕಾಲಂಗಳ ಹೆಸರೂ ಹಾಗೆಯೇ: ಹೆಸರಿಗೆ ಎನ್ ಎಂ, ತಂದೆಯ ಹೆಸರಿಗೆ ಎಫ್ ಎನ್, ಬೀದಿಗೆ ಎಸ್ ಟಿ. ಪ್ರೋಗ್ರಾಮಿನೊಳಗೆ ಕೆ, ಕೆ೧, ಕೆಕೆ. ಟಿಪ್ಪಣಿ ಬರೆಯುವವನು ತನ್ನ ಬುದ್ಧಿಯ ಮೇಲೆ ತನಗೇ ನಂಬಿಕೆ ಇಲ್ಲದವನು ಎಂಬುದು ನನ್ನ ಸಿದ್ಧಾಂತ. ನಾಗಪ್ಪನವರು ಗಿರಾಕಿಗಳ ಮುಂದೆ ನನ್ನ ಬೆನ್ನು ತಟ್ಟಿ, ‘ಇವನು ಬರ್ದಿದ್ದು ಇವನಿಗ್ಬಿಟ್ರೆ ಬ್ರಹ್ಮನಿಗೂ ಅರ್ಥಾಗಲ್ಲ ಸ್ವಾಮಿ’ ಎನ್ನುತ್ತಿದ್ದರು. ಬೈಗುಳಕ್ಕೆ ಆಗಬಹುದಾದ ಮಾತನ್ನು ನಾನು ಬಿರುದೆಂದು ತಿಳಿದು ಎದೆ ಉಬ್ಬಿಸಿ ನಿಲ್ಲುತ್ತಿದ್ದೆ. ಅವರ ಮಾತಿನಲ್ಲಿ ಒಂದು ತಪ್ಪೂ ಇತ್ತು. ಬ್ರಹ್ಮನ ವಿಚಾರ ತಿಳಿಯದು. ಮೂರು ತಿಂಗಳು ಕಳೆದರೆ ನನಗೂ ಅರ್ಥವಾಗುತ್ತಿರಲಿಲ್ಲ.

ಆಗ ಕಲ್ಯಾಣದುರ್ಗದ ಒಂದು ಆಫೀಸಿನಿಂದ ಕೆಲಸ ಬಂತು. ಮನೆಯಿಲ್ಲದವರಿಗೆ ಮನೆ ಕಟ್ಟಲು ಜಾಗ ಹಂಚುವ ಪಟ್ಟಿ. ಗುಮಾಸ್ತರು ಬೀದಿ ಬೀದಿ ತಿರುಗಿ ಫಾರಂ ತುಂಬಿದ್ದರು. ಫಾರಂ ತೆಲುಗಿನಲ್ಲಿತ್ತು. ಅದರಲ್ಲಿ ಮುಖ್ಯವಾದ ಪ್ರಶ್ನೆ ಒಂದೇ: ‘ಸೊಂತ ಇಲ್ಲು’, ಅಂದರೆ ಸ್ವಂತ ಮನೆ, ‘ಉಂದಿ’ಯೋ ‘ಲೇದು’ವೋ, ಇದೆಯೋ ಇಲ್ಲವೋ. ಇಲ್ಲ ಎಂದವರ ಹೆಸರನ್ನು ಹೆಕ್ಕಿ ನಾನು ಪಟ್ಟಿ ಮಾಡಬೇಕು.

ಈ ಉತ್ತರಕ್ಕೂ ಒಂದು ಕಾಲಂ ಬೇಕಾಯಿತು. ಹೌದು ಅಥವಾ ಅಲ್ಲ, ಎರಡೇ ತುಂಬಬಹುದಾದ ಕಾಲಂ. ‘ಮನೆ ಇದೆ’ ಎಂದು ಹೆಸರಿಟ್ಟಿದ್ದರೆ ಮುಗಿಯುತ್ತಿತ್ತು. ನನ್ನ ತಲೆ ಅಷ್ಟು ನೇರವಾಗಿ ಓಡುವ ತಲೆಯಲ್ಲ. ನಮಗೆ ಬೇಕಾಗಿರುವುದು ಮನೆ ಇಲ್ಲದವರು, ಆದ್ದರಿಂದ ಕಾಲಮಿನ ಹೆಸರು ‘ಇಲ್ಲ’. ಇಂಗ್ಲಿಷ್ ಅಕ್ಷರದಲ್ಲಿ ಐ, ಎಲ್, ಎಲ್, ಎ: ILLA. ನಾಲ್ಕೇ ಅಕ್ಷರ! ಮನೆ ಇಲ್ಲದಿದ್ದರೆ ವೈ, ಅಂದರೆ ಹೌದು, ಒತ್ತಬೇಕು; ಇದ್ದರೆ ಎನ್, ಅಂದರೆ ಅಲ್ಲ. ‘ಇಲ್ಲ ಎಂಬುದು ಹೌದು’, ‘ಇಲ್ಲ ಎಂಬುದು ಅಲ್ಲ’. ಇದನ್ನು ಜೋರಾಗಿ ಓದಿ ನೋಡಿ. ನಾಲಿಗೆಯೇ ತಪ್ಪೆಂದು ಹೇಳುತ್ತದೆ. ನಾನು ಓದಲಿಲ್ಲ. ಸಾಲದ್ದಕ್ಕೆ ಪ್ರೋಗ್ರಾಮಿನಲ್ಲಿ, ‘ಇಲ್ಲ ಎಂಬುದು ಸುಳ್ಳು ಅಲ್ಲದಿದ್ದರೆ’ ಎಂದು ಬೇರೆ ಬರೆದೆ. ಆ ಫ್ಲ್ಯಾಗಿನ ಹುಡುಗನ ಮುತ್ತಾತ ನಾನು.

ಹೆಚ್ಚಿನ ಫಾರಂಗಳನ್ನು ಹಿಂದೂಪುರದಲ್ಲಿ ನಾನೇ ಕೂತು ಏರಿಸಿದೆ. ಕೊನೆಯ ಒಂದು ಕಟ್ಟು ತಡವಾಗಿ ಬಂತು. ಕಲ್ಯಾಣದುರ್ಗದಲ್ಲಿ ಕಡಲೆಕಾಯಿ ಮಿಲ್ಲಿನ ಪಕ್ಕದ ಸಂದಿಯ ಫಾರಂಗಳು. ಅಲ್ಲಿಯ ಆಫೀಸಿನಲ್ಲಿ ನಮ್ಮದೇ ಒಂದು ಯಂತ್ರ ಇಟ್ಟು, ಪದ್ಮಾವತಿ ಎಂಬ ಹೆಣ್ಣುಮಗಳನ್ನು ಕೂರಿಸಿದ್ದೆವು. ತೆಲುಗಿನವಳು. ಕನ್ನಡ ಕೇಳಿದರೆ ತಿಳಿಯುತ್ತಿತ್ತು, ಮಾತು ಬರುತ್ತಿರಲಿಲ್ಲ. ನಾನು ಫ್ಲಾಪಿ ಹಿಡಿದು ಬಸ್ಸಿನಲ್ಲಿ ಹೋಗಿ, ಅವಳಿಗೆ ತೋರಿಸಿ ಬರುವುದೆಂದಾಯಿತು.

ತುಂಬುವ ಪರದೆಯನ್ನೂ ನಾನು ಸರಿಯಾಗಿ ಮಾಡಿರಲಿಲ್ಲ. ‘ಮನೆ ಇಲ್ಲದಿದ್ದರೆ ವೈ ಒತ್ತಿ’ ಎಂದು ಒಂದು ಸಾಲು ಹಾಕಬಹುದಿತ್ತು. ಯಂತ್ರ ತಾನಾಗಿ ತೋರಿಸುವ ಬರೀ ಹೆಸರುಗಳನ್ನೇ ಬಿಟ್ಟಿದ್ದೆ: ಎನ್ ಎಂ, ಎಫ್ ಎನ್, ಎಸ್ ಟಿ, ಇಲ್ಲ. ಪದ್ಮಾವತಿ ಪರದೆ ನೋಡಿದಳು. ಎನ್ ಎಂ ಏನು, ಎಫ್ ಎನ್ ಏನು ಎಂದು ಒಂದೊಂದೇ ಕೇಳಿದಳು. ಕೊನೆಯದಕ್ಕೆ ಬಂದಾಗ ನಾನು ಚೀಲ ಹೆಗಲಿಗೇರಿಸಿ ಎದ್ದಿದ್ದೆ.

‘ಸಾರ್, ಇದಿ ಅಂಟೇ...’ ಎಂದಳು. ಇದು ಅಂದರೆ ಏನು ಎಂಬ ಪ್ರಶ್ನೆ.

‘ಅದೂ ಗೊತ್ತಾಗಲ್ವೇನಮ್ಮಾ? ಹೆಸರಲ್ಲೇ ಐತಲ್ಲ! ಓದೋಕೆ ಬರುತ್ತೆ ತಾನೆ?’ ಎಂದೆ. ಆಫೀಸಿನವರು ನಾಲ್ಕು ಜನ ನಕ್ಕರು. ಅವಳು ತಲೆ ತಗ್ಗಿಸಿ ಕೀಲಿಗಳ ಕಡೆ ತಿರುಗಿದಳು. ನಾನು ಬಸ್ಸು ಹಿಡಿದೆ.

ಅವಳು ಓದಿದಳು. ತೆಲುಗಿನಲ್ಲಿ ಇಲ್ಲು ಎಂದರೆ ಮನೆ. ಹಂಚುತ್ತಿದ್ದ ಮನೆ ಜಾಗಗಳಿಗೆ ಆಫೀಸಿನವರೆಲ್ಲ ದಿನಾ ಹೇಳುತ್ತಿದ್ದ ಹೆಸರು ‘ಇಳ್ಳ ಸ್ಥಲಾಲು’. ಆ ಇಳ್ಳವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದರೂ ಅದೇ ಐ, ಎಲ್, ಎಲ್, ಎ. ನನ್ನ ‘ಇಲ್ಲ’ ಅವಳ ಕಣ್ಣಿಗೆ ‘ಮನೆ’ಯಾಗಿ ಕಂಡಿತು. ಫಾರಮಿನಲ್ಲಿ ಮನೆ ಇದೆ ಎಂದಿದ್ದವರಿಗೆ ವೈ ಒತ್ತಿದಳು, ಇಲ್ಲ ಎಂದಿದ್ದವರಿಗೆ ಎನ್. ಒಂದೂ ತಪ್ಪದಂತೆ, ಒಂದು ಅಕ್ಷರವೂ ಕೆಡದಂತೆ ಆ ಇಡೀ ಕಟ್ಟನ್ನು ಏರಿಸಿದಳು. ಎರಡು ಭಾಷೆಯ ನಡುವೆ ಹುಟ್ಟಿ ಬೆಳೆದು, ಮನೆಯಲ್ಲೊಂದು ಸಂತೆಯಲ್ಲೊಂದು ಆಡುತ್ತಿದ್ದ ನನಗೆ ಇದು ಹೊಳೆಯದೆ ಹೋಯಿತು.

ಪಟ್ಟಿ ಅಚ್ಚಾಯಿತು. ಆಫೀಸಿನ ಗೋಡೆಗೆ ಅಂಟಿಸಿ, ತಕರಾರು ಇದ್ದರೆ ಒಂದು ವಾರದಲ್ಲಿ ಹೇಳಿ ಎಂದರು. ಎರಡನೆಯ ದಿನವೇ ಹನುಮಕ್ಕ ಬಂದಳು. ಸೆಟ್ಟೂರಿನವಳು, ಗಂಡನಿಲ್ಲ. ಮಿಲ್ಲಿನಲ್ಲಿ ಕಡಲೆಕಾಯಿ ಹಸನು ಮಾಡುವ ಕೂಲಿ. ಮಿಲ್ಲಿನ ಗೋಡೆಗೆ ನಾಲ್ಕು ತಗಡು ಒರಗಿಸಿಕೊಂಡು ಅದರಡಿಯಲ್ಲಿ ಇದ್ದಳು. ಮಿಲ್ಲಿನವರು ಗೋಡೆ ಮುಂದಕ್ಕೆ ಹಾಕುವವರಿದ್ದು, ತಗಡು ತೆಗೆ ಎಂದು ಆಗಲೇ ಹೇಳಿದ್ದರು. ಈ ಜಾಗ ಸಿಕ್ಕರೆ ಅವಳಿಗೆ ಊರಿನಲ್ಲಿ ನೆಲೆ, ಸಿಗದಿದ್ದರೆ ಸೆಟ್ಟೂರಿಗೆ ಹೋಗಿ ಅಕ್ಕನ ಮನೆ ಸೇರಬೇಕು.

‘ಯಾರಪ್ಪಾ ಇದನ್ನ ಬರ್ದೋನು?’ ಎಂದು ಬಾಗಿಲಲ್ಲೇ ಕೇಳಿದಳು. ಅಂದು ನಾನೂ ಅಲ್ಲಿದ್ದೆ.

‘ಕಂಪ್ಯೂಟರ್ ಬರ್ದಿದ್ದು ಕಣಮ್ಮ’ ಎಂದ ಜವಾನ.

‘ಅದ್ಯಾರೋ ನಂಗೊತ್ತಿಲ್ಲ, ಕರೀರಿ ಈಚೆಗೆ. ನಮ್ಮ ಸಂದೀಲಿ ಮಿದ್ದೆ ಮನೆ ಇರೋ ರೆಡ್ಡೆಮ್ಮನ ಹೆಸರು ಬಂದೈತೆ. ನಂದು ಎಲ್ಲೋಯ್ತು? ನಾನಿರೋದು ಮಿದ್ದೇನೋ ತಗಡೋ ಬಂದು ನೋಡ್ಲಿ. ಅವನಿಗೂ ಒಂದು ಲೋಟ ಮಜ್ಜಿಗೆ ಕೊಡ್ತೀನಿ.’

ಜನ ನಕ್ಕರು. ಅಧಿಕಾರಿ ನಗಲಿಲ್ಲ. ನನ್ನನ್ನು ಕರೆದು, ‘ಏಮಯ್ಯಾ, ಇದೇನು ನೋಡು’ ಎಂದರು. ಫಾರಂಗಳು ಅಷ್ಟರಲ್ಲಿ ಗಂಟು ಕಟ್ಟಿ ಜಿಲ್ಲಾ ಆಫೀಸಿಗೆ ಹೋಗಿಬಿಟ್ಟಿದ್ದವು. ನೋಡಬೇಕಾದದ್ದು ಯಂತ್ರದಲ್ಲೇ.

ಪ್ರೋಗ್ರಾಂ ತೆರೆದೆ. ಬರೆದು ಐದು ತಿಂಗಳಾಗಿತ್ತು. ಕೆ ಎಂದರೆ ಏನು? ಕೆ೧ ಯಾಕೆ ಬಂತು? ಸುಳ್ಳು ಅಲ್ಲದಿದ್ದರೆ ಎಂದು ಯಾಕೆ ಬರೆದೆ? ಒಳಗೆ ಒಂದು ‘ಇದ್ದರೆ’, ಅದರೊಳಗೆ ಇನ್ನೊಂದು, ಅದರೊಳಗೆ ಮತ್ತೊಂದು. ಬೇರೆ ಯಾರಾದರೂ ಬರೆದಿದ್ದರೆ ‘ಯಾವ ದಡ್ಡ ಬರೆದದ್ದು’ ಎನ್ನುತ್ತಿದ್ದೆ. ನಾಲ್ಕು ದಿನ ಕೂತೆ. ಎರಡು ಸಾಲು ಅತ್ತಿತ್ತ ಮಾಡಿ ಓಡಿಸಿದೆ. ಅದೇ ಪಟ್ಟಿ ಬಂತು. ತಪ್ಪು ಪ್ರೋಗ್ರಾಮಿನಲ್ಲಿ ಇರಲೇ ಇಲ್ಲ, ನಾನಿಟ್ಟ ಹೆಸರಿನಲ್ಲಿತ್ತು. ಹೆಸರನ್ನು ಯಾರು ನೋಡುತ್ತಾರೆ?

ಹನುಮಕ್ಕ ದಿನಾ ಬರುತ್ತಿದ್ದಳು. ಮಿಲ್ಲಿಗೆ ಹೋಗುವ ಮೊದಲು ಒಂದು ಸಲ, ಮಧ್ಯಾಹ್ನದ ಬಿಡುವಿನಲ್ಲಿ ಒಂದು ಸಲ. ‘ಸಿಕ್ತೇನಪ್ಪಾ ನನ್ ಹೆಸರು?’ ಎಂದು ಕಿಟಕಿಯಿಂದ ಕೇಳುವುದು, ನಾನು ತಲೆ ಎತ್ತದೆ ‘ನೋಡ್ತಾ ಇವ್ನಿ ಕಣಮ್ಮ’ ಎನ್ನುವುದು. ‘ನೀನು ಹುಡುಕೋ ಹೊತ್ಗೆ ನಾನೇ ಹೊಸ ಹೆಸರಿಟ್ಕೊಂಡ್ ಬತ್ತೀನಿ ಬಿಡು’ ಎಂದಳು ಒಮ್ಮೆ.

ತಕರಾರಿಗೆ ಕೊನೆಯ ದಿನ, ಮಧ್ಯಾಹ್ನ. ಸಂಜೆ ಐದಕ್ಕೆ ಅಧಿಕಾರಿ ಪಟ್ಟಿಗೆ ಸಹಿ ಹಾಕುವವರಿದ್ದರು. ನಾನು ಪದ್ಮಾವತಿಯ ಪಕ್ಕದಲ್ಲಿ ಕೂತು ಸುಮ್ಮನೆ ಎದುರಿನ ಬೀರು ನೋಡುತ್ತಿದ್ದೆ. ಬೀರುವಿನಲ್ಲಿ ಆ ಕೆಲಸದ್ದೇ ಫೈಲು. ಅದರ ಬೆನ್ನಿಗೆ ಇಂಗ್ಲಿಷ್ ಟೈಪಿನಲ್ಲಿ ಚೀಟಿ: ILLA STHALALU. ಹಿಂದೆ ಎಷ್ಟೋ ಸಲ ಕಂಡಿದ್ದ ಚೀಟಿ ಅದು. ಅಂದು ಮೊದಲ ಸಲ ಓದಿದೆ. ಓದಿದ ಕೂಡಲೇ ಪರದೆಯ ಕಡೆ ತಿರುಗಿದೆ. ಅಲ್ಲೂ ಅದೇ ನಾಲ್ಕು ಅಕ್ಷರ.

ಸರಿಪಡಿಸುವುದು ಏನೂ ಅಲ್ಲ. ಮಿಲ್ಲಿನ ಸಂದಿಯವರಿಗೆಲ್ಲ ಹೌದನ್ನು ಅಲ್ಲ ಮಾಡು, ಅಲ್ಲವನ್ನು ಹೌದು ಮಾಡು ಎಂಬ ಒಂದೇ ಒಂದು ಸಾಲು. ಸಹಿಗೆ ಇನ್ನೂ ಮೂರು ಗಂಟೆ ಇತ್ತು.

ಅಷ್ಟರಲ್ಲಿ ಅಧಿಕಾರಿ ಬಂದು, ‘ದೊರಿಕಿಂದಾ?’ ಎಂದು ಕೇಳಿದರು. ಸಿಕ್ಕಿತೇ ಎಂದು. ಪದ್ಮಾವತಿ ನನ್ನ ಮುಖ ನೋಡಿದಳು. ಹೌದೆಂದರೆ ಏನು ಹೇಳಬೇಕು? ಈ ಹೆಣ್ಣುಮಗಳು ಕೇಳಬೇಕಾದ ಪ್ರಶ್ನೆಯನ್ನು ಕೇಳಿದ್ದಳು, ನಾನು ನಾಲ್ಕು ಜನರ ಮುಂದೆ ಅವಳನ್ನು ನಗೆಗೀಡು ಮಾಡಿ ಬಸ್ಸಿಗೆ ಓಡಿದೆ ಎಂದು ಹೇಳಬೇಕು. ನಾನು ಬರೆದದ್ದು ನನಗೇ ನಾಲ್ಕು ದಿನ ಅರ್ಥವಾಗಲಿಲ್ಲ ಎಂದೂ ಹೇಳಬೇಕು. ನಾಗಪ್ಪನವರ ಬಿರುದು, ಪ್ರೋಗ್ರಾಮರ್ ಎಂಬ ಹೆಸರು ಎಲ್ಲ ಒಂದೇ ಮಾತಿಗೆ ಬೀದಿಗೆ ಬೀಳುತ್ತದೆ.

‘ಲೇದು ಸಾರ್, ಪ್ರೋಗ್ರಾಂ ಸರಿಗಾನೇ ಉಂದಿ. ಫಾರಮೇ ತಪ್ಪು ರಾಸಿಂಟಾರು’ ಎಂದೆ. ಪ್ರೋಗ್ರಾಂ ಸರಿಯಾಗಿಯೇ ಇದೆ, ಫಾರಂ ತುಂಬಿದವರೇ ತಪ್ಪು ಬರೆದಿರಬೇಕು ಎಂದು. ಕನ್ನಡದಲ್ಲಿ ಈ ಸುಳ್ಳು ನನ್ನ ಬಾಯಿಗೆ ಇಷ್ಟು ಸಲೀಸಾಗಿ ಬರುತ್ತಿತ್ತೋ ಇಲ್ಲವೋ.

ಐದಕ್ಕೆ ಸಹಿ ಬಿತ್ತು.

ಆ ಸಂದಿಯ ಫಾರಂ ತುಂಬಿದವನು ಓಬಳೇಶು ಎಂಬ ಗುಮಾಸ್ತ. ಅವನು ರೆಡ್ಡೆಮ್ಮನ ಹತ್ತಿರ ಲಂಚ ತಿಂದು ಹೆಸರು ಬದಲಾಯಿಸಿದ್ದಾನೆ ಎಂದು ಊರು ಮಾತಾಡಿಕೊಂಡಿತು. ಮನುಷ್ಯ ತಿಂದಿರಬಹುದು, ಯಂತ್ರ ತಪ್ಪು ಮಾಡದು ಎಂದು ಜನರಿಗೆ ಆಗ ಬಲವಾದ ನಂಬಿಕೆ. ನಮ್ಮಂಥ ಅರೆಬರೆ ಕಲಿತವರೆಲ್ಲ ಆ ನಂಬಿಕೆಯ ನೆರಳಿನಲ್ಲೇ ಬದುಕಿದೆವು. ಸಂದಿಯ ಉಳಿದವರು ಊರಿನ ದೊಡ್ಡವರನ್ನು ಹಿಡಿದು ಹೇಗೋ ಹಿಂದಿನಿಂದ ಪಟ್ಟಿ ಸೇರಿದರು. ಹನುಮಕ್ಕನಿಗೆ ಹಿಡಿಯಲು ಯಾರೂ ಇರಲಿಲ್ಲ. ಮಿಲ್ಲಿನ ಗೋಡೆ ಮುಂದಕ್ಕೆ ಬಂತು. ಅವಳು ಸೆಟ್ಟೂರಿಗೆ ಹೋದಳೆಂದು ಕೇಳಿದೆ.

ಆಮೇಲೆ ಡಿಬೇಸ್ ಹೋಯಿತು, ಫಾಕ್ಸ್‌ಪ್ರೋ ಬಂತು, ಫ್ಲಾಪಿ ಚಿಕ್ಕದಾಯಿತು, ಪರದೆಗೆ ಬಣ್ಣ ಬಂತು. ನಾನು ಮಾತ್ರ ಹೆಸರಿಡುವುದಕ್ಕೆ ಹೆದರುವವನಾದೆ. ಕಾಲಂ ಒಂದಕ್ಕೆ ಹೆಸರು ಬರೆದು ಎದ್ದು ಹೋಗಿ, ಮಾರನೆಯ ದಿನ ಬೇರೆಯವರಿಗೆ ತೋರಿಸಿ ‘ಇದೇನು ಹೇಳಿ’ ಎನ್ನುತ್ತಿದ್ದೆ. ‘ಇಷ್ಟುದ್ದ ಯಾಕೆ ಬರೀತೀಯೋ, ಕೈ ನೋಯಲ್ವಾ?’ ಎಂದು ನಾಗಪ್ಪನವರು ಬೈಯುತ್ತಿದ್ದರು. ಹೊಸದಾಗಿ ಸೇರಿದವರು ನನ್ನನ್ನು ಮಂದಬುದ್ಧಿಯವನೆಂದು ತಿಳಿದಿದ್ದರೆ ಆಶ್ಚರ್ಯವಿಲ್ಲ.

ನಿವೃತ್ತನಾದ ಮೇಲೆ ಪೈಥಾನ್ ಅನ್ನೂ ಸ್ವಲ್ಪ ಕಲಿತೆ. ಒಳ್ಳೆಯ ಭಾಷೆ; ನೇರವಾಗಿ ಹೇಳುವವನಿಗೆ ನೇರವಾಗಿ ದಾರಿ ಬಿಡುತ್ತದೆ. ಒಂದು ಗಂಟು ಫಾರಂ ಇದ್ದರೆ ‘ಫಾರಂಗಳಲ್ಲಿ ಒಂದೊಂದು ಫಾರಂ’ ಎಂದು ಬರೆದರೆ ಸಾಕು, ತಾನಾಗಿ ಒಂದೊಂದೇ ಕೈಗೆ ಕೊಡುತ್ತದೆ. ತರಗತಿಯ ಹುಡುಗರು ನೀವು ಅಲ್ಲಿಯೂ ಸೊನ್ನೆಯಿಂದ ಎಣಿಸಿ, ಉದ್ದ ಅಳೆದು, ಎಷ್ಟನೆಯದು ಎಂದು ಬೆರಳಿಟ್ಟು ತೆಗೆಯುತ್ತೀರಿ. ಕನ್ನಡದಲ್ಲಿ ಯೋಚಿಸಿ ತೆಲುಗಿನಲ್ಲಿ ಮಾತಾಡುವವನನ್ನು ನೋಡಿ ನಮ್ಮ ಕಡೆ ನೀವೇ ನಗುತ್ತೀರಿ: ಪದಗಳೆಲ್ಲ ತೆಲುಗು, ಮಾತು ಮಾತ್ರ ತೆಲುಗಲ್ಲ. ಪ್ರತಿ ಭಾಷೆಗೂ ಒಂದು ಜಾಯಮಾನ ಇರುತ್ತದೆ. `if mane_ide:` ಎಂದು ಬರೆದರೆ ‘ಮನೆ ಇದ್ದರೆ’ ಎಂದು ಓದಿಕೊಳ್ಳುತ್ತದೆ; ಅದರ ಬಾಲಕ್ಕೆ `== True` ಕಟ್ಟುವುದು, ಹೌದೆಂದವನನ್ನು ‘ಹೌದೆಂದದ್ದು ಹೌದೇ?’ ಎಂದು ಕೇಳಿದ ಹಾಗೆ. ಹತ್ತು ಸಾಲನ್ನು ಒಂದು ಸಾಲಿಗೆ ಹಿಂಡಿ ಗೆಳೆಯರಿಗೆ ತೋರಿಸುವ ಚಪಲವನ್ನೂ ಕಂಡೆ. ನಾನು ಅದನ್ನು ಬಹಳ ಮಾಡಿದ್ದೇನೆ. ಅದು ಜಾಣತನವಲ್ಲ, ಅಂಜಿಕೆ. ಪಕ್ಕದವನಿಗೆ ಅರ್ಥವಾದರೆ ನಮ್ಮ ಬೆಲೆ ಹೋಗುತ್ತದೆ ಎಂಬ ಅಂಜಿಕೆ.

ಈ ಪೈಥಾನಿಗೆಲ್ಲ ಬಹಳ ಮೊದಲು, ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ, ಕೆಲಸದ ಮೇಲೆ ಕಲ್ಯಾಣದುರ್ಗಕ್ಕೆ ಹೋದವನು ಹಿಂದೂಪುರದ ಬಸ್ಸು ಹತ್ತದೆ ಸೆಟ್ಟೂರಿನ ಬಸ್ಸು ಹತ್ತಿದೆ. ಕೇಳಿಕೊಂಡು ಹೋದಾಗ ಹನುಮಕ್ಕ ಅಕ್ಕನ ಮನೆಯ ಜಗಲಿಯಲ್ಲಿ ಕೂತು ಕಡಲೆಕಾಯಿ ಸುಲಿಯುತ್ತಿದ್ದಳು. ಜಗಲಿಯ ಮೂಲೆಯಲ್ಲೇ ಅವಳ ಚಾಪೆ, ಒಂದು ತಗಡಿನ ಪೆಟ್ಟಿಗೆ. ಗುರುತು ಹಿಡಿದಳು. ‘ಕಂಪ್ಯೂಟರ್ ಅಲ್ವೇನಪ್ಪಾ ನೀನು? ಬಾ, ಕೂತ್ಕೋ. ಸಿಕ್ತಾ ನನ್ ಹೆಸರು?’ ಎಂದು ನಕ್ಕಳು.

ಕೂತು ಎಲ್ಲವನ್ನೂ ಹೇಳಿದೆ. ನಮ್ಮ ಮಾತಿನಲ್ಲಿ ಆ ಪದ ಏನು, ಅವರ ಮಾತಿನಲ್ಲಿ ಏನು ಎಂದು ಬಿಡಿಸಿ ಹೇಳಿದೆ. ಯಂತ್ರ ಅವಳಿಗೆ ತಿಳಿಯದಿದ್ದರೂ ಎರಡು ಮಾತೂ ತಿಳಿದಿದ್ದವು. ತಟ್ಟನೆ ಹಿಡಿದಳು.

‘ಅಯ್ಯೋ ನಿನ್ನ, ಇಷ್ಟೇನಾ?’ ಎಂದು ಜೋರಾಗಿ ನಕ್ಕಳು. ‘ಅವಳದ್ರಲ್ಲಿ ಇಲ್ಲು, ನಿಂದ್ರಲ್ಲಿ ಇಲ್ಲ. ನಾನ್ನೋಡು, ಆ ಓಬಳೇಶುನೇ ತಿಂದ್ಬುಟ್ಟ ಅಂತ ಅವನ ಮನೆ ಮುಂದೆ ಮೂರು ಹಿಡಿ ಮಣ್ಣು ತೂರಿ ಶಾಪ ಹಾಕ್ಬಂದಿದ್ದೆ. ಅವನ ಹೆಂಡ್ತಿ ಬಾಗಿಲು ಹಾಕ್ಕೊಂಡ್ಳು. ಅವನದೇನೂ ಇರಲಿಲ್ವಾ ಹಂಗಾದ್ರೆ?’

‘ಅವನದೇನೂ ತಪ್ಪಿರಲಿಲ್ಲ ಕಣಮ್ಮ.’

ನಗು ನಿಂತಿತು. ಕೈ ಮಾತ್ರ ಸುಲಿಯುತ್ತಿತ್ತು.

‘ನಿಂಗೆ ಯಾವಾಗ ಗೊತ್ತಾಯ್ತು?’

‘ಕೊನೇ ದಿನ. ಮಧ್ಯಾಹ್ನ.’

‘ಸೈನು ಆದ್ಮೇಲಾ?’

‘ಮೊದಲೇ.’

‘ಸರಿ ಮಾಡೋಕೆ ಎಷ್ಟೊತ್ತು ಹಿಡೀತಿತ್ತಪ್ಪಾ?’

‘ಕಾಲು ಗಂಟೆ’ ಎಂದೆ.

ಅವಳ ಕೈ ನಿಂತಿತು. ಬಿಡಿಸಿದ ಕಾಯನ್ನು ಬೀಜ ತೆಗೆಯದೆ ಹಾಗೆಯೇ ಹಿಡಿದುಕೊಂಡು ನನ್ನನ್ನು ನೋಡಿದಳು. ಬೈಯುತ್ತಾಳೆ ಎಂದು ಕಾದೆ. ಮಣ್ಣು ತೂರಿದ್ದರೂ ತಲೆಯೊಡ್ಡುತ್ತಿದ್ದೆ. ಅವಳು ಒಳಗೆ ತಿರುಗಿ ಅಕ್ಕನನ್ನು ಕರೆದಳು.

‘ಅಕ್ಕಯ್ಯಾ, ಇವ್ರಿಗೆ ಒಂದು ಲೋಟ ನೀರು ಕೊಡು. ಬಸ್ಸಿಗೋಗ್ಬೇಕಂತೆ.’

ನಾನು ಬಸ್ಸಿನ ಮಾತೇ ಎತ್ತಿರಲಿಲ್ಲ. ನೀರು ಕುಡಿದು, ಲೋಟವನ್ನು ಜಗಲಿಯ ಮೇಲಿಟ್ಟು, ಎದ್ದು ಬಂದೆ.